ಹಲಗೆಯ ಸುತ್ತಲಿನ ಗೋಡೆ

ಎಪ್ಪತ್ತರ ದಶಕದಲ್ಲಿ ನಾನು ಹೊಳಲ್ಕೆರೆಯಿಂದ ಬಾಗೂರಿನ ಶಾಲೆಗೆ ಹೊಸ ಟೀಚರಾಗಿ ಹೋದೆ. ಒಂದನೇ ತರಗತಿಯ ಕರಿಹಲಗೆಯ ಸುತ್ತ ಒಂದಿಷ್ಟೂ ಸುಣ್ಣ ಕಾಣುತ್ತಿರಲಿಲ್ಲ. ನವಿಲು, ಆನೆ, ಹಣ್ಣುಗಳ ಪಟಗಳು. ಮೇಲಿಂದ ಇಳಿಬಿದ್ದ ಬಣ್ಣದ ಕಾಗದದ ಸರಗಳು. ಗಾಳಿ ಬೀಸಿದರೆ ಎಲ್ಲವೂ ಕುಣಿಯುತ್ತಿದ್ದವು. ಅಷ್ಟನ್ನೂ ಹೆಡ್‌ಮಾಸ್ತರರೇ ಪ್ರೀತಿಯಿಂದ ಮೊಳೆ ಹೊಡೆದು ತೂಗುಹಾಕಿದ್ದರು.

ತರಗತಿಯಲ್ಲಿ ಕುರಿ ಕಾಯುವ ಮನೆಯ ಹುಡುಗಿಯೊಬ್ಬಳಿದ್ದಳು. ಇಡೀ ಹಿಂಡಿನಲ್ಲಿ ತಮ್ಮ ಮರಿಯನ್ನು ದೂರದಿಂದಲೇ ಗುರುತಿಸುವವಳು, ಹಲಗೆಯ ಮೇಲಿನ ಅಕ್ಷರ ಮಾತ್ರ ನೋಡುತ್ತಿರಲಿಲ್ಲ. ಒಂದು ದಿನ 'ರ' ಬರೆದು, "ಇದೇನು ಹೇಳು" ಎಂದೆ.

"ನವಿಲು ರೀ. ಬಾಲ ಹರಿದೈತೆ ನೋಡ್ರಿ."

ಮಕ್ಕಳೆಲ್ಲ ನಕ್ಕರು. ದಡ್ಡಿಯೆಂದು ಹೆಡ್‌ಮಾಸ್ತರರು ಅವಳನ್ನು ಮೊದಲೇ ಹಿಂದಿನ ಸಾಲಿಗೆ ತಳ್ಳಿದ್ದರು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ, ಆ ಪಟಗಳ ಮೇಲೆ. ಪಾಠದ ನಡುವೆ ನನ್ನ ಕಣ್ಣೇ ಆ ಹರಿದ ಬಾಲದ ಕಡೆ ಓಡುತ್ತಿತ್ತಲ್ಲ!

ಮರುದಿನ ಬೇಗ ಹೋಗಿ, ಕುರ್ಚಿ ಹತ್ತಿ, ಎಲ್ಲವನ್ನೂ ಕಿತ್ತು ಮಕ್ಕಳ ಬೆನ್ನ ಹಿಂದಿನ ಗೋಡೆಗೆ ಹಾಕಿದೆ. ಹುಡುಗಿಯನ್ನು ಮುಂದೆ ಕೂರಿಸಿದೆ.

"ಏನ್ರಿ ಇದು? ಇನ್‌ಸ್ಪೆಕ್ಟ್ರು ಬರೋ ಹೊತ್ನಾಗೆ ಗೋಡೆ ಬೋಳು ಮಾಡೀರಲ್ಲ!" ಹೆಡ್‌ಮಾಸ್ತರರು ಬಾಗಿಲಲ್ಲೇ ಕೂಗಿದರು.

"ಮಕ್ಳು ಹಲಗೆ ನೋಡ್ಲಿ ಅಂತ ಸಾರ್."

"ಮೊದ್ಲಿದ್ದಂಗೆ ಹಾಕ್ರಿ."

"ಹಾಕಲ್ಲ ಸಾರ್."

ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಆದರೂ ಸೀಮೆಸುಣ್ಣ ಹಿಡಿದು ಪಾಠ ಮುಂದುವರಿಸಿದೆ.

ಸಂಜೆ ಅವರೇ ಸುತ್ತಿಗೆ ಹಿಡಿದು ಎಲ್ಲವನ್ನೂ ಮುಂದಕ್ಕೆ ತಂದರು. ಬೆಳಿಗ್ಗೆ ನಾನು ಕಿತ್ತೆ. ಅವರು ಮತ್ತೆ ಮೊಳೆ ಹೊಡೆದರು, ನಾನು ಮತ್ತೆ ಕಿತ್ತೆ. ಈ ಜಗಳದಲ್ಲಿ ಆನೆಯ ಸೊಂಡಿಲು ಹರಿದುಹೋಯಿತು. ಹೀಗೇ ತಿಂಗಳೆರಡು ಕಳೆಯುವಷ್ಟರಲ್ಲಿ ಹುಡುಗಿ ಅಕ್ಷರ ಕೂಡಿಸಿ ಓದತೊಡಗಿದ್ದಳು.

ಇನ್‌ಸ್ಪೆಕ್ಟರು ಬಂದ ದಿನ ಪಟಗಳು ಹಿಂದಿನ ಗೋಡೆಯ ಮೇಲಿದ್ದವು. ಅವರು ಹಲಗೆಯ ಸುತ್ತ ನೋಡಿ, "ಅಲಂಕಾರ ಸಾಲದು" ಎಂದರು. ಹೆಡ್‌ಮಾಸ್ತರರು ಗೆದ್ದವರಂತೆ ನನ್ನತ್ತ ತಿರುಗಿದರು.

"ಅಲಂಕಾರ ಹಿಂದಿನ ಗೋಡೆ ಮ್ಯಾಲೈತೆ ಸಾರ್. ಓದು ಇಲ್ಲೈತೆ, ಕೇಳ್ರಿ," ಎಂದು ಹುಡುಗಿಯನ್ನು ಎಬ್ಬಿಸಿದೆ. ಹಲಗೆಯ ಮೇಲಿನ ಸಾಲನ್ನು ಅವಳು ಅತ್ತಿತ್ತ ನೋಡದೆ ಗಟ್ಟಿಯಾಗಿ ಓದಿದಳು.

ಇನ್‌ಸ್ಪೆಕ್ಟರು ಹೊಗಳಲಿಲ್ಲ. ಮಾತು ಕಡಿಮೆ ಮಾಡಿಕೊಳ್ಳಿ ಎಂದು ನನಗೆ ಹೇಳಿ ಜೀಪು ಹತ್ತಿದರು. ಅಂದಿನಿಂದ ಹೆಡ್‌ಮಾಸ್ತರರು ಸುತ್ತಿಗೆ ಮುಟ್ಟಲಿಲ್ಲ, ನನ್ನ ಜೊತೆ ಮಾತೂ ಬಿಟ್ಟರು. ಬಿಡಲಿ ಎಂದುಕೊಂಡೆ. ಮಕ್ಕಳಿಗೆ ಒತ್ತಕ್ಷರ ಕಲಿಸುವುದು ಇನ್ನೂ ಶುರುವೇ ಆಗಿರಲಿಲ್ಲ.