ಪಿನ್ನು ಹೊಡೆದ ಕೊನೆಯ ಅಧ್ಯಾಯ

ನನ್ನ ಸೋದರತ್ತೆ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾಳೆ. ಪಂಕ್ಚರ್ ಅಂಗಡಿಯ ಪಕ್ಕ ಒಂದೇ ಕೋಣೆ. ಒಳಗೆ ಇಬ್ಬರಿದ್ದರೆ ಮೂರನೆಯವರು ಬಾಗಿಲಲ್ಲೇ ಕಾಯಬೇಕು. ಪುಸ್ತಕ ಅಂದರೆ ಮೂಗು ಮುರಿಯುವವರನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ಹುರುಪು. ಅಂಥವರ ಕೈಗೆ ಅವಳು ತುರುಕುವುದು ಜಪಾನಿನ ಒಂದು ಚಿತ್ರಕಥೆ, ಮಾಂಗಾ. ಅದರಲ್ಲೊಬ್ಬ ಹುಡುಗ ಟೇಬಲ್ ಟೆನಿಸ್ ಆಡುತ್ತಾ ಪ್ರತಿ ಪಾಯಿಂಟಿಗೂ ಬಾಜಿ ಕಟ್ಟುತ್ತಾನೆ. ಗೆಲ್ಲುವುದು ಕೈಚಳಕದಿಂದಲ್ಲ, ಎದುರಾಳಿಯ ತಲೆಗೆ ಹುಳ ಬಿಟ್ಟು. ಕೊನೆಗೆ ಅವನಷ್ಟೇ ಕಿಲಾಡಿಯಾದ ಮುದುಕನೊಬ್ಬ ಎದುರಾಗುತ್ತಾನೆ.

ಆ ಕೊನೆಯ ಅಧ್ಯಾಯಕ್ಕೆ ಅತ್ತೆ ಪಿನ್ನು ಹೊಡೆದಿರುತ್ತಾಳೆ. ಯಾರು ಗೆಲ್ಲುತ್ತಾರೆಂದು ಓದಿದವರು ಅಂಗಡಿಗೆ ಬಂದು ಹೇಳಿದ ಮೇಲೇ ಅದನ್ನು ಕೀಳುವುದು. ಊಹೆ ತಪ್ಪಿದವರು ತಿಂಗಳಿಡೀ ಬೆಳಿಗ್ಗೆ ಬಂದು ಅಂಗಡಿ ಬಾಗಿಲು ತೆಗೆದು ಧೂಳು ಹೊಡೆಯಬೇಕು. ಈ ಉಪಾಯದಿಂದಾಗಿ ಅತ್ತೆ ಪೊರಕೆ ಮುಟ್ಟಿ ಯಾವ ಕಾಲವಾಯಿತೋ.

ಅಪ್ಪ ಬಸ್ ಡ್ರೈವರ್. ಮುರಿದ ಕಾಲಿನ ಮೂಳೆ ಕೂಡಿದ ಮೇಲೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ದಿನಾ ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ, ಮತ್ತೆ ಬಸ್ ಓಡಿಸುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಬೇಡಿಕೊಂಡಳು, ನಾನು ಜಗಳವಾಡಿದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅತ್ತೆ ಬಂದು ಆ ಪುಸ್ತಕವನ್ನು ದಿಂಬಿನ ಪಕ್ಕ ಎಸೆದಳು. "ಇದೆಲ್ಲ ನಿನ್ನ ತಲೆಗೆ ಹತ್ತಲ್ಲ ಬಿಡು," ಅಂದು ಹೊರಟೇಹೋದಳು.

ಸಂಜೆಯ ಹೊತ್ತಿಗೆ ಅಪ್ಪ ಎದ್ದು ಕೂತಿದ್ದರು. ಮರುದಿನ ನನ್ನನ್ನು ಕರೆದು, "ಆ ಮುದುಕನೇ ಗೆಲ್ಲೋದು. ಸಂಶಯಾನೇ ಇಲ್ಲ. ನಿಮ್ಮತ್ತೆಗೆ ಹೇಳಿ ಬಾ," ಅಂದರು.

ಅಂಗಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಅಡ್ಡ ಮಾಡಿದಳು. "ಆಡೋನೇ ಬರ್ಬೇಕು."

ಅಪ್ಪ ತಮ್ಮ ಅಕ್ಕನನ್ನು ಮನಸಾರೆ ಬೈದು, ಊರುಗೋಲು ಹಿಡಿದು ಹೊರಟರು. ಬೀದಿಯುದ್ದಕ್ಕೂ ನಾನು ಅವರ ಹಿಂದೆ, ಜೀವ ಕೈಯಲ್ಲಿ ಹಿಡಿದುಕೊಂಡು. ಅಲ್ಲಲ್ಲಿ ನಿಂತು ಸುಧಾರಿಸಿಕೊಂಡರು, ಆದರೆ ವಾಪಸು ಹೋಗೋಣ ಅನ್ನಲಿಲ್ಲ. ಪಂಕ್ಚರ್ ಅಂಗಡಿಯವನು ಸ್ಟೂಲು ಕೊಟ್ಟ. ಅಪ್ಪ ಬೆವರು ಒರೆಸಿಕೊಂಡು, ತಾವು ಬಂದ ಬೀದಿಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತರು.

"ಹುಡುಗ ಗೆಲ್ತಾನೆ ಅಕ್ಕ," ಅಂದರು ಆಮೇಲೆ.

ನಾನು ತಿರುಗಿ ನೋಡಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಅತ್ತೆ ಪಿನ್ನು ಕಿತ್ತಳು, ಗೆದ್ದಿದ್ದವನು ಮುದುಕ.

"ನೀನು ಸೋತೆ ಕಣೋ," ಅಂದಳು ಅತ್ತೆ, ಬಾಗಿಲಿನ ಬೀಗದ ಕೈ ಅವರ ಅಂಗೈಗೆ ಹಾಕುತ್ತಾ.

ಮನೆಗೆ ಬಂದು ಅಪ್ಪ ಅಮ್ಮನಿಗೆ ಹೇಳಿದರು: "ಬೆಳಿಗ್ಗೆ ಬೇಗ ಎಬ್ಬಿಸು. ಸೋತು ಬಂದಿದೀನಿ, ಹೋಗಲೇಬೇಕು."