ಅತ್ತೆಯ ಮಡಿ ಕೆಡಿಸಿದ್ದು

ಮೈಸೂರಿನಿಂದ ಮದರಾಸಿಗೆ ಸೊಸೆಯಾಗಿ ಬಂದು ಏಳೆಂಟು ವರ್ಷ ಕಳೆದಿದ್ದರೂ ನಾನು ನಮ್ಮತ್ತೆಯ ಬಟ್ಟೆಯನ್ನು ಒಂದು ಸಲವೂ ಮುಟ್ಟಿರಲಿಲ್ಲ. ಮುಟ್ಟಲು ಬಿಟ್ಟರೆ ತಾನೆ? ಬೆಳಗಾಗುವ ಮೊದಲೇ ಎದ್ದು, ಹಿತ್ತಲ ಬಾವಿಯಿಂದ ತಾವೇ ನೀರು ಸೇದಿ ಸ್ನಾನ ಮಾಡಿ, ತಾವೇ ಸೀರೆ ಒಗೆದು, ತಲೆಗಿಂತ ಎಷ್ಟೋ ಮೇಲೆ ಕಟ್ಟಿದ್ದ ಗಳುವಿನ ಮೇಲೆ ಕೋಲಿನಿಂದ ಹರವುತ್ತಿದ್ದರು. ಮಾರನೆಯ ದಿನ ಅದೇ ಕೋಲಿನಿಂದ ಇಳಿಸಿ ಉಡುತ್ತಿದ್ದರು. ಅದು ಮಡಿ ಬಟ್ಟೆ. ಅದನ್ನುಟ್ಟು ಅಡುಗೆ ಮಾಡಿ, ದೇವರ ನೈವೇದ್ಯವಾಗಿ, ಅವರ ಊಟ ಮುಗಿಯುವ ತನಕ ಮನೆಯಲ್ಲಿ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ, ಮೊಮ್ಮಕ್ಕಳು ಕೂಡ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟವರು. ಕೆಂಪು ಸೀರೆ, ಎತ್ತರದ ಗಳು, ಯಾರೂ ಮುಟ್ಟದ ಮೈ. ಕಾಯಿಲೆಯೊಂದನ್ನು ಬಚ್ಚಿಟ್ಟುಕೊಳ್ಳಲು ಇನ್ನೇನು ಬೇಕು? ಈಗಲೂ ನೆನೆಸಿಕೊಂಡರೆ ನನಗೆ ರೇಗುತ್ತದೆ.

ಒಂದು ಬೆಳಗ್ಗೆ ಅವರು ಒರಳಿನ ಮುಂದೆ ಮಣೆ ಹಾಕಿಕೊಂಡು ರುಬ್ಬುತ್ತಿದ್ದರು. ನಾನು ಅಡುಗೆಮನೆಯ ಹೊಸಿಲಾಚೆ ಕೂತು ತರಕಾರಿ ಹೆಚ್ಚುತ್ತಿದ್ದೆ, ಅಲ್ಲಿಂದ ಒಳಗೆ ನನಗೆ ಪ್ರವೇಶವಿರಲಿಲ್ಲ. ಅವರು ಎದ್ದರು. ಮಣೆಯ ಮೇಲೆ ರಕ್ತ ಇತ್ತು. ನಾನು ನೋಡಿದ್ದನ್ನು ಅವರೂ ನೋಡಿದರು, ಪಕ್ಕದ ಚೊಂಬಿನ ನೀರನ್ನು ಮಣೆಗೆ ಸುರಿದರು.

“ಏನತ್ತೆ ಅದು?”

“ಏನಿಲ್ಲ, ಬೀಟ್‌ರೂಟು.”

ಬೀಟ್‌ರೂಟಂತೆ. ಕೆಂಪಗಿದೆ, ರಕ್ತದ ಹಾಗೆ ಕಾಣುತ್ತದೆ ಎಂಬ ಕಾರಣಕ್ಕೇ ಆ ಮನೆಯ ಹೊಸಿಲು ದಾಟಲು ಬೀಟ್‌ರೂಟಿಗೆ ಅದುವರೆಗೆ ಅಪ್ಪಣೆ ಇರಲಿಲ್ಲ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು, ನಮ್ಮತ್ತೆಗೆ ಅದಿರಲಿಲ್ಲ.

ಮಧ್ಯಾಹ್ನ ಅವರ ಊಟವಾದ ಮೇಲೆ ಪಕ್ಕದಲ್ಲಿ ಕೂತು ಬಿಡದೆ ಕೇಳಿದೆ. ಕೊನೆಗೆ ಗೋಡೆ ನೋಡುತ್ತಾ ಹೇಳಿದರು. ನಿಂತು ಎಷ್ಟೋ ವರ್ಷವಾಗಿದ್ದದ್ದು ಹೋದ ದೀಪಾವಳಿಯಿಂದ ಮತ್ತೆ ಕಾಣಿಸಿಕೊಳ್ಳುತ್ತಿದೆ, ಆಗಾಗ ಬರುತ್ತದೆ, ಆಗಾಗ ನಿಲ್ಲುತ್ತದೆ, ಸೊಂಟ ಬಿದ್ದು ಹೋಗುತ್ತದೆ. ಆಗ ಆಡಿ ಮಾಸ, ಅಂದರೆ ನಮ್ಮ ಆಷಾಢ, ನಡೆಯುತ್ತಿತ್ತು.

“ದೀಪಾವಳಿಯಿಂದ ಇಲ್ಲೀ ತನಕ ಬಾಯಿ ಬಿಡದೆ ಕೂತಿದ್ರಾ?”

“ಮೆಲ್ಲಗೆ ಮಾತಾಡೇ. ಗಂಡ ಸತ್ತವಳಿಗೆ, ಈ ವಯಸ್ಸಲ್ಲಿ ಮುಟ್ಟು ಅಂತ ಹೇಳ್ಕೊಂಡು ತಿರುಗಲಾ? ಹೇಳಿದ್ರೆ ನಾನು ಹೊರಗೆ ಕೂರಬೇಕು. ಆಮೇಲೆ ದೇವರಿಗೆ ನೈವೇದ್ಯ ಮಾಡೋರು ಯಾರು, ನೀನಾ?”

‘ನೀನಾ’ ಅಂದ ಧಾಟಿ ಹೇಗಿತ್ತೆಂದರೆ, ಅವರ ರಕ್ತಕ್ಕಿಂತ ನನ್ನ ಸಾರೇ ಮನೆಗೆ ಹೆಚ್ಚು ಅಪಾಯ ಎನ್ನುವ ಹಾಗಿತ್ತು. ಆದರೆ ಅವರ ಮಾತಿನಲ್ಲಿ ಹೆದರಿಕೆಯೂ ಇತ್ತು. ಆ ಅಡುಗೆಮನೆಯೊಂದು ಬಿಟ್ಟರೆ ಅವರದು ಅಂತ ಈ ಪ್ರಪಂಚದಲ್ಲಿ ಏನಿತ್ತು? ಅದು ನನಗೆ ಅರ್ಥವಾಗುತ್ತಿತ್ತು. ಅರ್ಥವಾದರೆ ಕೋಪ ಬರಬಾರದು ಅಂತೇನಿಲ್ಲವಲ್ಲ.

ಸಂಜೆ ನಮ್ಮ ಯಜಮಾನರು ರೈಲ್ವೆ ಆಫೀಸಿನಿಂದ ಬಂದು ಕಾಫಿ ಕುಡಿಯುವಾಗ ವಿಷಯ ಹೇಳಿದೆ. ಅವರು ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದುಕೊಂಡರು.

“ಇದೆಲ್ಲ ನನ್ನ ಹತ್ರ ಯಾಕೆ ಹೇಳ್ತೀಯಾ?”

“ಮತ್ಯಾರ ಹತ್ರ ಹೇಳ್ಲಿ, ಎಗ್ಮೋರ್ ಸ್ಟೇಷನ್ ಮಾಸ್ಟರ್ ಹತ್ರಾನಾ? ನಿಮ್ಮಮ್ಮ ರೀ ಅವರು. ಡಾಕ್ಟರಿಗೆ ತೋರಿಸ್ಬೇಕು.”

ಅವರು ತೋರಿಸಿದ್ದು ಡಾಕ್ಟರಿಗಲ್ಲ, ನಮ್ಮ ಮನೆಗೆ ಬರುತ್ತಿದ್ದ ಆಚಾರ್ಯರಿಗೆ. ಅದೂ ತಾಯಿಯ ವಿಷಯ ಅಂತ ಹೇಳುವ ಧೈರ್ಯವಿಲ್ಲದೆ, ಆಫೀಸಿನ ಸ್ನೇಹಿತನೊಬ್ಬನ ತಾಯಿಗೆ ಹೀಗಾಗಿದೆ, ಇದು ಮುಟ್ಟೋ ಅಲ್ಲವೋ ಎಂದು ಕೇಳಿದರು. ನಿಂತು ಅಷ್ಟು ವರ್ಷವಾದ ಮೇಲೆ ಬಂದದ್ದು ಮುಟ್ಟಲ್ಲ, ಸ್ನಾನ ಮಾಡಿದರೆ ಸಾಕು, ಅಡುಗೆ ಪೂಜೆಗೆ ಅಡ್ಡಿಯಿಲ್ಲ ಎಂದು ಆಚಾರ್ಯರು ಹೇಳಿದರಂತೆ. ಆ ಮಾತನ್ನು ಇವರು ಬಾಗಿಲ ಹತ್ತಿರ ನಿಂತು ತಾಯಿಗೆ ಮುಟ್ಟಿಸಿ, ದೊಡ್ಡ ಹೊರೆ ಇಳಿಸಿದವರ ಹಾಗೆ ವಾಕಿಂಗ್ ಹೋಗಿಬಿಟ್ಟರು.

ಅತ್ತೆಯ ಮುಖ ನೋಡಬೇಕಿತ್ತು. ಇಷ್ಟು ತಿಂಗಳು ಎದೆಯಲ್ಲಿಟ್ಟುಕೊಂಡಿದ್ದ ಭಾರವೆಲ್ಲ ಹೋಗಿತ್ತು. “ನೋಡ್ದಿಯಾ? ಮುಟ್ಟಲ್ವಂತೆ. ಇನ್ಮೇಲೆ ಚುಮ್ಮಾ ಕೆದಕಬೇಡ” ಎಂದು ನನಗೇ ಬುದ್ಧಿ ಹೇಳಿದರು.

“ಮುಟ್ಟಲ್ಲದಿದ್ರೆ ಮತ್ತೇನತ್ತೆ ಅದು? ರಕ್ತ ತಾನೇ?”

“ಮುಟ್ಟಲ್ಲ ಅಂದ್ಮೇಲೆ ಏನಾದ್ರೆ ಏನು?”

ನಾನು ಹಣೆ ಚಚ್ಚಿಕೊಂಡೆ. ಮೈಲಿಗೆಯಲ್ಲ ಅಂದರೆ ಕಾಯಿಲೆಯೂ ಅಲ್ಲ, ಇದು ನಮ್ಮ ಮನೆಯ ವೈದ್ಯಶಾಸ್ತ್ರ. ಎಷ್ಟೋ ದಿನದ ಮೇಲೆ ಆಚಾರ್ಯರ ಹೆಂಡತಿ ಸಿಕ್ಕಾಗ ಗೊತ್ತಾಯಿತು, ‘ತಡ ಮಾಡದೆ ವೈದ್ಯರಿಗೆ ತೋರಿಸಲಿ’ ಅಂತಲೂ ಆಚಾರ್ಯರು ಹೇಳಿದ್ದರಂತೆ. ಆ ಅರ್ಧವನ್ನು ನಮ್ಮ ಯಜಮಾನರು ದಾರಿಯಲ್ಲೇ ಬಿಟ್ಟು ಬಂದಿದ್ದರು. ಯಾಕೆ ಅಂತ ಕೇಳಿದರೆ, “ಅಮ್ಮನ ಹತ್ರ ಅದನ್ನೆಲ್ಲ ಹೇಗೆ ಹೇಳೋದು?” ಎಂದರು. ಇಂಥವರ ಜೊತೆ ನಾನು ಸಂಸಾರ ಮಾಡಿದ್ದೇನೆ.

ಅತ್ತೆ ದಿನದಿನಕ್ಕೆ ಬಿಳಚಿಕೊಂಡರು. ಬಾವಿಕಟ್ಟೆಯ ಹತ್ತಿರ ವಾಸನೆ ಬರತೊಡಗಿತು. ಅದನ್ನು ಮುಚ್ಚಲು ಅವರು ಹೊತ್ತಲ್ಲದ ಹೊತ್ತಿನಲ್ಲಿ ಸಾಂಬ್ರಾಣಿ ಹಾಕುತ್ತಿದ್ದರು. ಪಾಟಿಗೆ, ಅಂದರೆ ಅಜ್ಜಿಗೆ, ಏನಾಗಿದೆ ಎಂದು ಮಕ್ಕಳು ತಮಿಳಿನಲ್ಲಿ ನನ್ನನ್ನು ಕೇಳುತ್ತಿದ್ದವು. ನಾನು ಬೇಡಿಕೊಂಡೆ, ಕಣ್ಣೀರು ಹಾಕಿದೆ, ಜಗಳವಾಡಿದೆ. ಯಾವುದನ್ನೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೇ ಬಿಟ್ಟರೆ ಈ ಹೆಂಗಸು ನಮ್ಮ ಕಣ್ಣೆದುರಿಗೇ ಮಡಿಯಲ್ಲೇ ಸಾಯುತ್ತಾರೆ, ಎಲ್ಲರೂ ‘ಎಂಥ ಪುಣ್ಯವಂತೆ’ ಅನ್ನುತ್ತಾರೆ ಎಂದು ನನಗೆ ಖಚಿತವಾಯಿತು.

ಆಗ ನಾನು ಮಾಡಿದ್ದನ್ನು ಆ ಬೀದಿಯಲ್ಲಿ ಯಾವ ಸೊಸೆಯೂ ಮಾಡಿರಲಿಲ್ಲ. ಬೆಳಗ್ಗೆ ಅವರು ಸ್ನಾನ ಮುಗಿಸಿ, ಗಳುವಿನಿಂದ ಸೀರೆ ಇಳಿಸಿ ಉಟ್ಟು, ಅಡುಗೆಮನೆಗೆ ಕಾಲಿಡುವಾಗ ಅಡ್ಡ ಬಂದು ಅವರ ತೋಳು ಹಿಡಿದುಕೊಂಡೆ. ರಾತ್ರಿ ಮಲಗಿದ್ದ ಸೀರೆಯಲ್ಲೇ, ಸ್ನಾನವಿಲ್ಲದೆ.

ತೋಳು ಎಷ್ಟು ತೆಳ್ಳಗಾಗಿದೆ ಎಂದು ನನಗೂ ಆಗಲೇ ಗೊತ್ತಾದದ್ದು.

“ಏನೇ ಇದು?”

“ಮುಟ್ಟಿದೆ. ಡಾಕ್ಟರ ಹತ್ರ ಬರ್ತೀನಿ ಅನ್ನೋ ತನಕ ದಿನಾ ಮುಟ್ತೀನಿ.”

“ಹುಚ್ಚು ಹಿಡೀತಾ ನಿನಗೆ?”

“ಹೂಂ, ಹಿಡಿದಿದೆ.”

ಮತ್ತೆ ನೀರು ಸೇದಿ ಸ್ನಾನ ಮಾಡಿ ಬಂದರು. ನಾನು ಮತ್ತೆ ಮುಟ್ಟಿದೆ. ಆ ದಿನ ದೇವರಿಗೆ ಬಾಳೆಹಣ್ಣು, ನಮ್ಮ ಯಜಮಾನರಿಗೆ ಹೋಟೆಲ್ ಇಡ್ಲಿ, ಮಕ್ಕಳಿಗೆ ಬ್ರೆಡ್ಡು. ಮಕ್ಕಳಂತೂ ಖುಷಿಯಾಗಿದ್ದವು. ಯಜಮಾನರು ನನ್ನನ್ನು ಒಳಗೆ ಕರೆದು, “ಏನ್ ನಡೀತಿದೆ ಈ ಮನೇಲಿ?” ಎಂದರು. “ನೀವು ಮಾಡದೇ ಇದ್ದ ಕೆಲಸ ನಡೀತಿದೆ” ಎಂದೆ.

ಮರುದಿನವೂ ಅದೇ ಆಯಿತು. ನನ್ನ ಮೊಂಡುತನ ಎಲ್ಲಿಂದ ಬಂತೋ, ಅವರದಕ್ಕೆ ಸರಿಸಮನಾಗಿತ್ತು. ಅದರ ಮಾರನೆಯ ಬೆಳಗ್ಗೆ ಎರಡನೆಯ ಸ್ನಾನಕ್ಕೆಂದು ಬಾವಿಗೆ ಹೋದವರಿಗೆ ಕೊಡ ಮೇಲೆತ್ತಲು ಆಗಲಿಲ್ಲ. ಹಗ್ಗ ಕೈಜಾರಿ ಕೊಡ ಬಾವಿಗೆ ಬಿತ್ತು. ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಪಕ್ಕದಲ್ಲಿ ಹೋಗಿ ಕೂತೆ, ಈ ಸಲ ಮುಟ್ಟಲಿಲ್ಲ. ಗೆದ್ದೆ ಅಂತ ಅನಿಸಲೇ ಇಲ್ಲ, ಅಳು ಬಂತು.

“ಅಳಬೇಡ. ಎಲ್ಲಿಗೆ ಕರ್ಕೊಂಡ್ ಹೋಗ್ತೀಯೋ ಹೋಗು” ಎಂದರು. ತಕ್ಷಣ ಸೇರಿಸಿದರು, “ಹೆಂಗಸೇ ಆಗಿರ್ಬೇಕು. ಸ್ನಾನ ಮಾಡಿ ಬಂದಿರ್ಬೇಕು.”

ಎಗ್ಮೋರಿನ ಕಡೆ ಒಬ್ಬ ಲೇಡಿ ಡಾಕ್ಟರ್ ಇದ್ದರು. ಜಟಕಾ ಮಾಡಿಕೊಂಡು ಹೋದೆವು. ಪರೀಕ್ಷೆ ಮಾಡುವಾಗ ಅತ್ತೆ ನನ್ನನ್ನು ಗೋಡೆ ಕಡೆ ತಿರುಗಿ ನಿಲ್ಲು ಎಂದರು, ನಿಂತೆ. ಕೈ ತೊಳೆದುಕೊಂಡು ಬಂದ ಡಾಕ್ಟರು ಅವರನ್ನು ಏನೂ ಅನ್ನದೆ ನನ್ನ ಮೇಲೆ ಹರಿಹಾಯ್ದರು. “ಇವ್ವಳವು ನಾಳ್ ಎನ್ನ ಪಣ್ಣಿಂಡಿರುಂದೇಳ್?” ಇಷ್ಟು ದಿನ ಏನು ಮಾಡುತ್ತಿದ್ದೆ ಅಂತ ನನ್ನನ್ನು ಕೇಳುತ್ತಾರೆ. ನನಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ, “ಅವಳನ್ನ ಬೈಬೇಡಿ” ಎಂದು ಕನ್ನಡದಲ್ಲಿ ಹೇಳಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಎಂದು ಉತ್ತರ ಬಂತು. ಹೆಚ್ಚು ಹರಡಿದಂತಿಲ್ಲ, ರೇಡಿಯಂ ಇಡಬೇಕು, ಎಕ್ಸ್‌ರೇ ಚಿಕಿತ್ಸೆಯೂ ಕೊಡಬೇಕು, ಉಳಿಯಬಹುದು ಎಂದು ಡಾಕ್ಟರು ಹೇಳಿದರು. ಉಳಿಯುತ್ತಾರೆ ಅನ್ನಲಿಲ್ಲ. ಯಜಮಾನರು ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಾ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ಕಣ್ಣೊರೆಸಿಕೊಂಡು ಅವರು ಆಡಿದ ಮೊದಲ ಮಾತು, “ನೆಂಟರಿಗೆ ಗ್ಯಾಸ್ಟ್ರಿಕ್ ಅಂತ ಹೇಳೋಣ.”

ಹಾಗೇ ಹೇಳಿದರು. ಕೇಳಿದ ನೆಂಟರೆಲ್ಲ ಬಂದು ಮಜ್ಜಿಗೆ ಕುಡಿಸಿ, ಇಂಗು ಕೊಡಿ, ಓಮದ ಕಷಾಯ ಕೊಡಿ ಎಂದು ನನಗೆ ಹೇಳಿ ಹೋದರು. ನಾನು ತಲೆಯಾಡಿಸಿ ಆಡಿಸಿ ಕತ್ತು ನೋಯಿಸಿಕೊಂಡೆ.

ರೇಡಿಯಂ ಇಟ್ಟ ಮೇಲೆ ಅತ್ತೆ ಆಸ್ಪತ್ರೆಯಲ್ಲಿ ಅಲುಗಾಡದೆ ಅಂಗಾತ ಮಲಗಿರಬೇಕಿತ್ತು. ಮಗ್ಗುಲಾಗುವ ಹಾಗಿಲ್ಲ. ಅದರ ಕಿರಣ ಬೇರೆಯವರಿಗೆ ಒಳ್ಳೆಯದಲ್ಲವಾದ್ದರಿಂದ ನರ್ಸುಗಳು ಬೇಗ ಬೇಗ ಕೆಲಸ ಮುಗಿಸಿ ದೂರ ಹೋಗುತ್ತಿದ್ದರು. ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಒಬ್ಬರೇ ಹೇಗಿರುತ್ತಾರೋ ಎಂದು ಸಂಕಟಪಡುತ್ತಾ ಹೋದರೆ, ಮಲಗಿದಲ್ಲಿಂದಲೇ ಅತ್ತೆ ಹೇಳುತ್ತಾರೆ, “ನೋಡು, ಇಲ್ಲಿ ಎಷ್ಟು ಮಡಿ. ನರ್ಸಮ್ಮ ಕೂಡ ದೂರದಿಂದಲೇ ಮಾತಾಡ್ತಾಳೆ. ನೋಡಿ ಕಲಿ.”

ಆಸ್ಪತ್ರೆಯ ಅನ್ನ ಅವರಿಗೆ ವರ್ಜ್ಯ. ಹಾಗಾಗಿ ಬೆಳಗ್ಗೆ ಬಾವಿಯಲ್ಲಿ ನೀರು ಸೇದಿ, ಸ್ನಾನ ಮಾಡಿ, ಮಡಿಯಲ್ಲಿ ಗಂಜಿ ಕಾಯಿಸುವುದು ನನ್ನ ಪಾಲಿಗೆ ಬಂತು. ಅದನ್ನು ಮದರಾಸಿನ ಬಸ್ಸಿನಲ್ಲಿ ಒಯ್ಯಬೇಕು. ಆ ಬಸ್ಸಿನಲ್ಲಿ ನನ್ನ ಸೀರೆ ನನ್ನ ಮೈಮೇಲೆ ಉಳಿಯುತ್ತಿದ್ದುದೇ ಹೆಚ್ಚು. “ದಾರೀಲಿ ಯಾರನ್ನೂ ಮುಟ್ಟಲಿಲ್ಲ ತಾನೆ?” ಎಂದು ದಿನಾ ಬಾಗಿಲಿನಿಂದಾಚೆಗೆ ಪ್ರಶ್ನೆ. “ಇಲ್ಲತ್ತೆ” ಎಂದು ದಿನಾ ನನ್ನ ಉತ್ತರ. ಕುಡಿಯುತ್ತಿದ್ದರು.

ಎಕ್ಸ್‌ರೇಯಲ್ಲಿ ಅವರು ಸೋತರು. ಚರ್ಮ ಕಪ್ಪಾಯಿತು, ತಿಂದದ್ದು ನಿಲ್ಲುತ್ತಿರಲಿಲ್ಲ, ಬಾತ್‌ರೂಮಿಗೆ ನಾನು ಎತ್ತಿಕೊಂಡೇ ಹೋಗಬೇಕಾಗಿತ್ತು. “ನನ್ನನ್ನ ಯಾಕೆ ಎಳೆದು ತಂದೆ? ನೆಮ್ಮದಿಯಾಗಿ ಹೋಗ್ತಿದ್ದೆ” ಎಂದು ನನ್ನನ್ನೇ ಬೈಯುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ, “ಹೋಗೋರು ದೀಪಾವಳಿಗೇ ಹೋಗ್ಬೇಕಿತ್ತು, ನನ್ನ ಕಣ್ಣಿಗೆ ಬೀಳಬಾರದಿತ್ತು” ಎನ್ನುತ್ತಿದ್ದೆ. ಹೀಗೆ ಬೈದಾಡಿಕೊಂಡೇ ಮಳೆಗಾಲ ಕಳೆಯಿತು. ರಕ್ತ ನಿಂತಿತು. ಅತ್ತೆ ಮೊದಲು ಕೂತರು, ಆಮೇಲೆ ನಡೆದರು, ಆಮೇಲೆ ನಾನು ಹುಳಿಗೆ ಉಪ್ಪು ಹಾಕುವ ರೀತಿಯಲ್ಲಿ ತಪ್ಪು ಹುಡುಕಿದರು. ಆಗ ನನಗೆ ಧೈರ್ಯ ಬಂತು.

ಆಗಾಗ ತೋರಿಸಲು ಹೋಗುತ್ತಿದ್ದೆವು. ಒಂದು ಸಲ ಡಾಕ್ಟರು ಎಲ್ಲ ನೋಡಿ, ಚೆನ್ನಾಗಿದೆ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಆಮೇಲೆ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ಅತ್ತೆ ಇಲ್ಲ ಎಂದು ತಲೆಯಾಡಿಸಿದರು.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಬೇವಿನ ಮರದ ನೆರಳಿಗೆ ನಿಂತೆವು. ಬಿಸಿಲು ಉರಿಯುತ್ತಿತ್ತು. ಅತ್ತೆ ರಸ್ತೆ ನೋಡುತ್ತಾ ಹೇಳಿದರು, “ಅಕ್ಕನಿಗೆ ಆಗಿತ್ತು.”

ಅವರ ಅಕ್ಕ ಕುಂಭಕೋಣದಲ್ಲಿದ್ದವರು. ನನ್ನ ಮದುವೆಗೆ ಮೊದಲೇ ಕಾಮಾಲೆಯಿಂದ ತೀರಿಕೊಂಡರೆಂದು ನಾನು ಕೇಳಿದ್ದೆ.

“ಕಾಮಾಲೆ ಅಲ್ವಾ?”

“ಕಾಮಾಲೆ ಅಂತ ಹೇಳಿದ್ವಿ. ಕೊನೇಲಿ ನಾನು ಹೋಗಿದ್ದೆ ನೋಡ್ಕೊಳ್ಳೋಕೆ. ಇದೇ ರಕ್ತ, ಇದೇ ವಾಸನೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡ್ಲು.”

ನನಗೆ ಮೈಯೆಲ್ಲ ಉರಿದುಹೋಯಿತು. ಬೀಟ್‌ರೂಟು, ಆಚಾರ್ಯರು, ಮುಟ್ಟೋ ಅಲ್ಲವೋ ಎಂಬ ವಿಚಾರಣೆ, ಇದೆಲ್ಲ ನಡೆಯುವಾಗ ಏನೂ ತಿಳಿಯದ ಹೆಂಗಸು ಎಂದುಕೊಂಡು ನಾನು ಇವರ ಹಿಂದೆ ಬಿದ್ದಿದ್ದೆ.

“ಹಾಗಾದ್ರೆ ನಿಮಗೆ ಮೊದಲ ದಿನಾನೇ ಗೊತ್ತಿತ್ತು?”

“ಗೊತ್ತಿತ್ತು.”

“ಗೊತ್ತಿದ್ದೂ ಸುಮ್ಮನಿದ್ರಾ?”

“ಅವಳು ಹಾಗೇ ಹೋದ್ಲು. ನಾನೂ ಹಾಗೇ ಹೋಗೋದು ಅಂದ್ಕೊಂಡಿದ್ದೆ.”

ಬೈಯಲು ಬಾಯಿ ತೆರೆದೆ. ಆದರೆ ಕೇಳಿದ್ದು ಬೇರೆ, “ಆ ಮನೇಲಿ ಯಾರಿಗೂ ಗೊತ್ತಾಗಲಿಲ್ವಾ? ಸೊಸೆ ಇರಲಿಲ್ವಾ ಅವರಿಗೆ?”

“ಇದ್ಲು. ತುಂಬಾ ಒಳ್ಳೆ ಹುಡುಗಿ” ಎಂದರು ಅತ್ತೆ. “ಒಂದು ದಿನಾನೂ ಅತ್ತೆ ಮಾತು ಮೀರಿದವಳಲ್ಲ.”