ರುದ್ರಣ್ಣ ಕಂಡ ದುಬೈ

ರುದ್ರಣ್ಣನ ಕೈ ನೋಡದೆ ನಾನು ಒಂದು ಕಬ್ಬಿಣದ ತುಂಡನ್ನೂ ನೆಲಕ್ಕೆ ಇಳಿಸಿದವನಲ್ಲ. ದುಬೈಯಲ್ಲಿ ಕಟ್ಟುತ್ತಿದ್ದ ಒಂದು ದೊಡ್ಡ ಕಟ್ಟಡದ ಮೇಲೆ ನಾನು ಕ್ರೇನ್ ನಡೆಸುತ್ತಿದ್ದೆ. ಅವನು ಕೆಳಗೆ ನಿಂತು ನನಗೆ ಸನ್ನೆ ಮಾಡುತ್ತಿದ್ದ. ಮೇಲಿನ ಕ್ಯಾಬಿನ್ನಿನಿಂದ ನೋಡಿದರೆ ಅವನು ಹೆಬ್ಬೆರಳಷ್ಟು ಕಾಣುತ್ತಿದ್ದ: ಒಂದು ಹಳದಿ ಹೆಲ್ಮೆಟ್ಟು, ಎರಡು ಕೈ, ಅಷ್ಟೇ. ವಾಕಿಟಾಕಿ ಇತ್ತು, ಆದರೆ ಗದ್ದಲದಲ್ಲಿ ಅದರ ಮಾತು ಅರ್ಧಕ್ಕರ್ಧ ಕೇಳುತ್ತಿರಲಿಲ್ಲ. ಅವನು ಬೆರಳು ಮಿಡಿದರೆ ಒಂದು ಗೇಣು ಇಳಿಸಬೇಕು, ಮುಷ್ಟಿ ಕಟ್ಟಿದರೆ ನಿಲ್ಲಿಸಬೇಕು. ನಾನು ಅವಸರ ಮಾಡಿದ ದಿನ ಊಟದ ಹೊತ್ತಿಗೆ ಬಂದು ಬೈಯುತ್ತಿದ್ದ.

"ಲೇ ಲೋಕಿ, ಕೆಳಗಿರೋರು ಮನ್ಸರು ಕಣ್ಲಾ, ಕೊಬ್ರಿ ಮೂಟೆ ಅಲ್ಲ. ನಿಧಾನಕ್ಕೆ ಬುಡು."

ನಾನು ತುರುವೇಕೆರೆ ಕಡೆಯವನು, ಅವನು ಹುಳಿಯಾರು ಹತ್ತಿರದ ಕೆಂಕೆರೆಯವನು. ಊರಲ್ಲೇ ಇದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವೇನೋ. ಕೆಲಸಗಾರರ ಕ್ಯಾಂಪಿಗೆ ಬಂದ ಮೊದಲ ವಾರ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಯಾರೋ ಫೋನಿನಲ್ಲಿ, "ಆ ಮರದಲ್ಲಿ ಎಳನೀರು ಕೀಳಿಸ್ಬ್ಯಾಡ ಕಣೇ, ಕೊಬ್ರಿಗೆ ಬುಡು" ಅನ್ನುವುದು ಕೇಳಿಸಿತು. ತಿರುಗಿ ನೋಡಿದೆ. ಎರಡು ದಿನದಲ್ಲಿ ಅವನ ಕೋಣೆಗೇ ಹೋಗಿ ಸೇರಿಕೊಂಡೆ. ನನಗಿಂತ ಹತ್ತು ವರ್ಷ ದೊಡ್ಡವನು. ಯಾವ ದೇಶದವನು ಎದುರಾದರೂ ಕನ್ನಡದಲ್ಲೇ ಮಾತಾಡುತ್ತಿದ್ದ. ನೇಪಾಳದವರಿಗೂ ಪೇಶಾವರದವರಿಗೂ ಕೊಬ್ಬರಿ ಚೂರು ಕೊಟ್ಟು, "ನಮ್ಮ ತಿಪಟೂರ್ದು, ಬೆಲ್ಲದ ಜೊತೆ ತಿನ್ನು" ಅನ್ನುತ್ತಿದ್ದ. ಅವರು ತಿನ್ನುತ್ತಿದ್ದರು. ಅವನಿಗೆ ಇಂಗ್ಲಿಷಿನಲ್ಲಿ ಹೆಚ್ಚೆಂದರೆ ಇಪ್ಪತ್ತು ಮಾತು ಗೊತ್ತಿತ್ತು, ಅಷ್ಟೂ ಕೆಲಸದ ಮಾತು. ಆದರೂ ಆ ಕ್ಯಾಂಪಿನಲ್ಲಿ ಅವನಷ್ಟು ಜನ ಬಳಕೆ ಇದ್ದವರು ಬೇರೆ ಇರಲಿಲ್ಲ.

ಕೊನೆಯ ಸಲ ರಜೆ ಮುಗಿಸಿ ಊರಿಂದ ಬಂದ ಮೇಲೆ ಅವನಲ್ಲಿ ಏನೋ ಬದಲಾಗಿತ್ತು. ಪಕ್ಕದಲ್ಲಿದ್ದವರನ್ನು ನೋಡಲು ಇಡೀ ಕತ್ತು ತಿರುಗಿಸುತ್ತಿದ್ದ. ಮಂಚದ ಪಕ್ಕದ ನೀರಿನ ಬಾಟಲಿ ದಿನಾ ಬೀಳುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಕಡೆ ತಿರುಗಿ ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದ. ಕೇಳಿದರೆ, "ಮರಳ ಧೂಳು ಕಣ್ಲಾ" ಅನ್ನುತ್ತಿದ್ದ. ನಾನು ನಂಬಿದೆ. ನಂಬುವುದು ಸುಲಭವಾಗಿತ್ತು.

ಡಿಸೆಂಬರಿನಲ್ಲಿ ಆ ದೇಶದ ರಾಷ್ಟ್ರೀಯ ಹಬ್ಬ ಬಂತು. ನಮಗೂ ರಜೆ. ಹಾಸನದ ಜಗದೀಶ, ನಮ್ಮ ಕೋಣೆಯ ಮೂರನೆಯವನು, ಊರು ಸುತ್ತೋಣ ಎಂದು ಹಟ ಹಿಡಿದ. ರುದ್ರಣ್ಣ ಮೊದಲು ಒಲ್ಲೆ ಅಂದ. ಆಮೇಲೆ ತಾನೇ ಎದ್ದು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, "ನಡೀರಿ, ಒಂದ್ಸಲ ಎಲ್ಲಾ ನೋಡ್ಬುಡಾನ" ಅಂದ.

ರಸ್ತೆಯ ತುಂಬ ಬಾವುಟ. ಕಾರುಗಳಿಗೂ ಬಾವುಟದ ಬಣ್ಣ. ಮೆಟ್ರೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇರಾದ ಚಿನ್ನದ ಪೇಟೆ ಸುತ್ತಿ, ಕಡಲ ಕಾಲುವೆಯನ್ನು ಮರದ ದೋಣಿಯಲ್ಲಿ ದಾಟಿದೆವು. ಅಷ್ಟು ಹೊತ್ತೂ ರುದ್ರಣ್ಣ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ಇದ್ದ. ಪ್ರೀತಿ ಎಂದುಕೊಂಡೆ. ಜಗದೀಶ "ಆ ಗೋಪುರ ನೋಡಣ್ಣ" ಅಂದರೆ, "ಆಹಾ, ಎಂಥಾ ಚೆಂದ ಕಟ್ಟವ್ರೆ" ಅನ್ನುತ್ತಿದ್ದ. ಜಗದೀಶ ತೋರಿಸದ ಯಾವುದನ್ನೂ ಅವನು ಹೊಗಳಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ.

ಮಧ್ಯಾಹ್ನ ಮೂರು ದಾಟಿತ್ತು. ಬುರ್ಜ್ ಖಲೀಫಾದ ಬುಡದಲ್ಲಿ ಜನ ಮುದ್ದೆಯಾಗಿ ನಿಂತಿದ್ದರು. ಒಂದು ನೂಕಿಗೆ ಅವನ ಕೈ ನನ್ನ ಹೆಗಲಿನಿಂದ ಜಾರಿತು. ಪಕ್ಕದಲ್ಲಿದ್ದ ಮಗುವಿನ ತಳ್ಳುಗಾಡಿಗೆ ಎಡವಿ ಅದರ ಮೇಲೇ ಬಿದ್ದ. ಮಗು ಕಿರುಚಿತು, ಅದರ ಅಪ್ಪ ಇವನ ಕಾಲರು ಹಿಡಿದ. ನಾನು ನುಗ್ಗಿ ಹೋಗಿ ಕೈ ಮುಗಿದು ಅವನನ್ನು ಬಿಡಿಸಿದೆ. ಮಗುವಿಗೆ ಏನೂ ಆಗಿರಲಿಲ್ಲ. ಅವರು ಹೋದ ಮೇಲೆ ರುದ್ರಣ್ಣ ಗಾಬರಿಯಿಂದ ಸುತ್ತ ತಿರುಗುತ್ತ, "ಲೋಕಿ, ಲೋಕಿ, ಎಲ್ಲಿದ್ದೀಯಲಾ?" ಎಂದು ಕೂಗತೊಡಗಿದ. ನಾನು ಅವನ ಎಡಗೈ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದೆ.

ಜಗದೀಶನನ್ನು ನೀರು ತರಲು ಕಳಿಸಿ, ರುದ್ರಣ್ಣನನ್ನು ಒಂದು ಕಟ್ಟೆಯ ಮೇಲೆ ಕೂರಿಸಿದೆ.

"ನಿನಗೆ ಕಣ್ಣು ಕಾಣ್ತಿಲ್ವಾ ರುದ್ರಣ್ಣ?"

"ಎದುರಿಗಿದ್ದದ್ದು ಕಾಣ್ತದೆ. ಪಕ್ಕದ್ದು ಹೋಯ್ತು. ಕೊಳವೆ ಒಳಗಿಂದ ನೋಡ್ದಂಗೆ ಐತೆ. ತುಮಕೂರಲ್ಲಿ ತೋರಿಸ್ದೆ. ಒಳಗೆ ನರ ಸಾಯ್ತಾ ಐತಂತೆ, ಹೋದದ್ದು ವಾಪಸ್ ಬರಲ್ವಂತೆ."

"ಹಂಗಿದ್ರೂ ಕೆಲಸಕ್ಕೆ ಬಂದ್ಯಾ?"

"ಮಗಳದು ನರ್ಸಿಂಗ್ ಇನ್ನೂ ಒಂದು ವರ್ಷ ಐತೆ. ಅದು ಮುಗೀಲಿ. ನೀನು ಯಾರಿಗೂ ಹೇಳ್ಬ್ಯಾಡ ಕಣಪ್ಪ. ನನ್ನ ಕೈ ನಿನಗೆ ಗೊತ್ತಲ್ಲ, ಏನೂ ಆಗಲ್ಲ."

ನಾನು ಆಯಿತು ಅಂದೆ. ಬೇರೆ ಏನು ಹೇಳಬೇಕಿತ್ತೋ ಗೊತ್ತಿಲ್ಲ. ಜಗದೀಶ ನೀರು ತಂದ. ಮೂವರೂ ಫೋಟೋ ತೆಗೆಸಿಕೊಂಡೆವು. ಅದರಲ್ಲಿ ರುದ್ರಣ್ಣ ಕ್ಯಾಮೆರಾ ಬಿಟ್ಟು ಬೇರೆ ಕಡೆ ನೋಡಿ ನಗುತ್ತಿದ್ದಾನೆ.

ಅದಾಗಿ ನಾಲ್ಕು ದಿನವಾಗಿತ್ತು. ಕಂಬಿಯ ಕಟ್ಟೊಂದನ್ನು ಇಳಿಸುತ್ತಿದ್ದೆ. ಅವನ ಬೆರಳು ಇಳಿಸು, ಇಳಿಸು ಅನ್ನುತ್ತಿತ್ತು. ಎಡಗಡೆಯಿಂದ ಬಿಹಾರದ ಕೆಲಸಗಾರನೊಬ್ಬ ಬಗ್ಗಿಕೊಂಡು ಕಟ್ಟಿನ ಅಡಿಗೇ ಬಂದ. ನನ್ನ ಕಣ್ಣಿಗೆ ಬಿದ್ದದ್ದು ಅದೃಷ್ಟ. ಕ್ರೇನಿನ ಹಿಡಿಕೆ ಎಳೆದು ನಿಲ್ಲಿಸಿದೆ. ಕಂಬಿಗಳು ಅವನ ಹೆಲ್ಮೆಟ್ಟಿನ ಮೇಲೆ ಒಂದು ಮೊಳ ಎತ್ತರದಲ್ಲಿ ತೂಗಾಡುತ್ತಿದ್ದವು. ರುದ್ರಣ್ಣನ ಬೆರಳು ಇನ್ನೂ ಇಳಿಸು ಅನ್ನುತ್ತಲೇ ಇತ್ತು. ವಾಕಿಟಾಕಿಯಲ್ಲಿ ಅವನ ದನಿ ಬಂತು: "ಯಾಕ್ಲಾ ನಿಲ್ಲಿಸ್ದೆ? ಬುಡು, ಖಾಲಿ ಐತೆ."

ಕ್ಯಾಬಿನ್ನಿನಿಂದ ಇಳಿದವನು ನಾನು ಅವನ ಬಳಿ ಹೋಗಲಿಲ್ಲ. ಅವನ ಮುಖ ನೋಡಿದರೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. ನೇರ ಸೇಫ್ಟಿ ಆಫೀಸರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಅವನನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಎರಡು ವಾರದಲ್ಲಿ ವೀಸಾ ರದ್ದಾಗಿ ಟಿಕೆಟ್ಟು ಬಂತು.

ಹೊರಡುವ ದಿನ ಅವನು ಬಟ್ಟೆಗಳನ್ನು ತಡವಿ ತಡವಿ ಮಡಚುತ್ತಿದ್ದ. ನಾನು ಸಹಾಯಕ್ಕೆ ಬಗ್ಗಿದರೆ ಕೈ ಅಡ್ಡ ಹಿಡಿದ.

"ನೀನು ಹೇಳಿದ್ದು ತಪ್ಪು ಅನ್ನಲ್ಲ. ಆ ಮನ್ಸ ಸತ್ತಿದ್ರೆ ನಾನೂ ಉಳೀತಿರ್ಲಿಲ್ಲ. ಆದ್ರೆ ಮೊದ್ಲು ನನ್ನತ್ರ ಬಂದು ಹೇಳ್ಬೋದಿತ್ತು. ನಾನೇ ಹೋಗಿ ಒಪ್ಕೊಂತಿದ್ದೆ."

ಒಪ್ಪಿಕೊಳ್ಳುತ್ತಿದ್ದನೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಅವನಿಗೆ ಆ ಅವಕಾಶ ನಾನು ಕೊಡಲಿಲ್ಲ, ಅದಷ್ಟೇ ಗೊತ್ತು. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಅವನು ತೆಗೆಯಲಿಲ್ಲ.

ಒಂದೂವರೆ ವರ್ಷದ ಮೇಲೆ ರಜೆಗೆ ಬಂದಾಗ ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಕೆಂಕೆರೆಗೆ ಹೋದೆ. ಅವನ ಹೆಂಡತಿ ಗಂಗಮ್ಮ ಬಾಗಿಲಲ್ಲಿ ಸಿಕ್ಕರು. ಮಗಳು ಓದು ಬಿಟ್ಟು ತಿಪಟೂರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದರು. ರುದ್ರಣ್ಣ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ರುದ್ರಣ್ಣ, ನಾನು ಲೋಕಿ."

ನನ್ನ ಕಿವಿಯಾಚೆ ಎಲ್ಲೋ ನೋಡುತ್ತ, "ಬನ್ನಿ, ಕೂತ್ಕೊಳ್ಳಿ. ಯಾವಾಗ ಬಂದ್ರಿ?" ಅಂದ.

ಗುರುತು ಸಿಗಲಿಲ್ಲವೇನೋ ಎಂದು ಇನ್ನೊಮ್ಮೆ ಹೆಸರು ಹೇಳಿದೆ.

"ಗೊತ್ತಾಯ್ತು. ಆರೋಗ್ಯವಾಗಿದ್ದೀರಾ? ಮನೇಲಿ ಎಲ್ರೂ ಚೆನ್ನಾಗವ್ರಾ?"

ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು ನಾವು. ಜಗದೀಶನ ಸುದ್ದಿ ಹೇಳಿದೆ. "ಸಂತೋಷ" ಅಂದ. ಕಣ್ಣಿನ ವಿಷಯ ಕೇಳಿದೆ. "ಹಂಗೇ ಐತೆ" ಅಂದ. ಕ್ಷಮಿಸು ಅನ್ನಬೇಕೆಂದು ಬಸ್ಸಿನಲ್ಲಿ ಅಷ್ಟು ದೂರ ಜೋಡಿಸಿಕೊಂಡು ಬಂದಿದ್ದ ಮಾತು, ಆ ಬಹುವಚನದ ಎದುರು ಹೇಳದೆಯೇ ಉಳಿಯಿತು. ಗಂಗಮ್ಮ ಕೊಟ್ಟ ಕಾಫಿ ಕುಡಿದು ಎದ್ದೆ.

"ಬತ್ತೀನಿ ರುದ್ರಣ್ಣ."

"ಹೋಗ್ಬನ್ನಿ. ಬಿಸ್ಲು ಜಾಸ್ತಿ ಐತೆ, ನೆರಳಲ್ಲಿ ಹೋಗಿ."

ಬೀದಿಗೆ ಇಳಿದು ಹತ್ತು ಹೆಜ್ಜೆ ಹಾಕಿರಲಿಲ್ಲ, ಪಕ್ಕದ ಮನೆಯ ಮುದುಕರೊಬ್ಬರು "ಯಾರಪ್ಪ ರುದ್ರ, ಬಂದಿದ್ದೋರು?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ದುಬೈಲಿ ಕ್ರೇನ್ ನಡೆಸ್ತಾರೆ" ಅಂದ ರುದ್ರಣ್ಣ.